ಸೀಟಿನಡಿಯ ತಂತಿ

ಚಳಿಗಾಲ ಬಂತೆಂದರೆ ಗಾಲ್ಫ್ ಮೈದಾನದಲ್ಲಿ ಆಟ ನಿಂತು, ಶೆಡ್ಡಿನಲ್ಲಿ ಕೆಲಸ ಶುರುವಾಗುತ್ತದೆ. ಗುಳಿಗಳಲ್ಲಿನ ಬಾವುಟ ಕಿತ್ತು ಮೂಲೆಗೆ ಒರಗಿಸುತ್ತಾರೆ. ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಯಾರೂ ಕಾಲಿಡುವಂತಿಲ್ಲ. ಇಟ್ಟ ಕಡೆ ಸುಟ್ಟಂತೆ ಕಪ್ಪಾಗುತ್ತದೆ. ವರ್ಷವಿಡೀ ದುಡಿದ ಹುಲ್ಲು ಕತ್ತರಿಸುವ ಯಂತ್ರಗಳು ಒಂದೊಂದಾಗಿ ಮೆಕ್ಯಾನಿಕ್‌ನ ಮುಂದೆ ಬರುತ್ತವೆ. ಅವನು ಬ್ಲೇಡು ಬಿಚ್ಚಿ ಸಾಣೆ ಹಿಡಿದು, ಕಾಗದದ ಚೂರು ಕೊಟ್ಟು ಕತ್ತರಿಸುತ್ತದೆಯೇ ಎಂದು ನೋಡಿ, ಎಣ್ಣೆ ಬದಲಿಸಿ, ತುಕ್ಕು ಉಜ್ಜಿ, ಬಣ್ಣ ಬಳಿದು ಸಾಲಾಗಿ ನಿಲ್ಲಿಸುತ್ತಾನೆ. ಹದಿನಾರು ಚಳಿಗಾಲ ಹೀಗೇ ಕಳೆದಿದ್ದ. ಈ ಸಲ ಏಳು ಯಂತ್ರ ಮುಗಿದರೂ ಎಂಟನೆಯದರ ಟಾರ್ಪಾಲು ಮಾತ್ರ ತೆಗೆದಿರಲಿಲ್ಲ.

ಅದು ಭಾವ ಓಡಿಸುತ್ತಿದ್ದ ಯಂತ್ರ.

ಭಾವ ಎಂದರೆ ಅಕ್ಕನ ಗಂಡ. ಇವನನ್ನು ಕೈಹಿಡಿದು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಮಾತಿಗಿಂತ ಮೊದಲು ನಗು. "ಈ ಹುಲ್ಲಿಗೆ ಮಾಡೋ ಉಪಚಾರದಲ್ಲಿ ಕಾಲು ಭಾಗ ನನಗೆ ಮಾಡಿದ್ರೂ ತಲೆ ಮೇಲೆ ಏನಾದ್ರೂ ಬೆಳೀತಿತ್ತು ಕಣೋ" ಎಂದು ಬೋಳುತಲೆ ಸವರಿಕೊಳ್ಳುತ್ತಿದ್ದ. ಎಲೆ ಉದುರುವ ಕಾಲದ ಒಂದು ಬೆಳಗ್ಗೆ, ಕೊಳದ ಪಕ್ಕದ ಇಳಿಜಾರಿನಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಅಡ್ಡ ಬಿದ್ದ ಕೊಂಬೆಯನ್ನು ಎತ್ತಲು ಕೆಳಗಿಳಿದ. ಸೀಟಿನಿಂದ ಎದ್ದರೆ ಎಂಜಿನ್ ತಾನೇ ನಿಲ್ಲುತ್ತದೆ, ಚಕ್ರ ಬಿಗಿಯುತ್ತದೆ. ಆ ನಂಬಿಕೆಯಿಂದಲೇ ಇಳಿದ. ಆದರೆ ಯಂತ್ರ ನಿಲ್ಲಲಿಲ್ಲ. ಹಿಂದಿನಿಂದ ಬಂದು ಅವನನ್ನು ನೀರಿಗೆ ನೂಕಿ ಮೇಲೆ ಬಿತ್ತು.

ಮ್ಯಾನೇಜರ್ ಬರೆದ ವರದಿಯಲ್ಲಿ ಸಾವಿನ ಕಾರಣಕ್ಕೆ ಎರಡೇ ಪದ: ಚಾಲಕನ ಅಜಾಗರೂಕತೆ. ಬಾಯಿಂದ ಬಾಯಿಗೆ ಹೋಗುತ್ತ ಅದಕ್ಕೆ ಕೈಕಾಲು ಮೂಡಿದವು. ಕುಡಿದಿದ್ದನಂತೆ ಎಂದರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ಅವನು.

"ಏನಯ್ಯಾ, ಅದೊಂದು ಯಾಕೆ ಹಾಗೇ ನಿಂತಿದೆ?" ಮ್ಯಾನೇಜರ್ ಶೆಡ್ಡಿನ ಬಾಗಿಲಲ್ಲೇ ನಿಂತು ಕೇಳಿದ. "ಒಳಗಿರೋ ಹಳೇದೆಲ್ಲಾ ಕಿತ್ತು ಹೊಸದು ಹಾಕು, ಬಣ್ಣ ಹೊಡಿ. ಚಳಿ ಮುಗಿಯೋದ್ರೊಳಗೆ ಯಾರಿಗಾದ್ರೂ ಸಾಗಹಾಕೋಣ."

'ಹಳೇದೆಲ್ಲಾ' ಎನ್ನುವಾಗ ಅವನು ಇವನ ಮುಖ ನೋಡಲಿಲ್ಲ.

ಮೆಕ್ಯಾನಿಕ್ ಟಾರ್ಪಾಲು ಎಳೆದ. ಚಕ್ರದ ಸಂದಿನಲ್ಲಿ ಕೊಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಸೀಟು ಎತ್ತಿದರೆ, ಗೇಣುದ್ದವೂ ಇಲ್ಲದ ಕೆಂಪು ತಂತಿ. ಸುತ್ತಿದ ಟೇಪಿನ ಮೇಲೆ ಇವನದೇ ಬೆರಳಿನ ಗ್ರೀಸು.

ಬೇಸಿಗೆಯಲ್ಲಿ, ಚಾಲಕ ಎದ್ದರೆ ಎಂಜಿನ್ ನಿಲ್ಲಿಸುವ ಸೀಟಿನ ಸ್ವಿಚ್ಚು ಕೆಟ್ಟು, ಚಕ್ರ ಚೂರು ಕುಲುಕಿದರೂ ಯಂತ್ರ ನಿಂತುಬಿಡುತ್ತಿತ್ತು. ಹೊಸ ಸ್ವಿಚ್ಚು ಬಂದಿರಲಿಲ್ಲ. ಪಂದ್ಯಕ್ಕೆ ಎರಡೇ ದಿನ. "ಹೇಗಾದ್ರೂ ಓಡೋ ಹಾಗೆ ಮಾಡು" ಎಂದಿದ್ದ ಮ್ಯಾನೇಜರ್. ಇವನು ಸ್ವಿಚ್ಚನ್ನು ಬಿಟ್ಟು ತಂತಿಯನ್ನು ನೇರವಾಗಿ ಜೋಡಿಸಿದ. ಪಂದ್ಯ ಮುಗಿದ ಮೇಲೆ ತೆಗೆಯೋಣವೆಂದುಕೊಂಡ. ಭಾವನಿಗೆ ಊಟದ ಹೊತ್ತಿನಲ್ಲಿ ಹೇಳೋಣವೆಂದುಕೊಂಡ. ಊಟಕ್ಕೆ ಕೂತಾಗ ಭಾವ ಏನೋ ತಮಾಷೆ ಮಾಡಿದ, ನಕ್ಕರು, ಎರಡೂ ಮರೆತೇಹೋದವು.

ಇಕ್ಕಳ ಕೈಯಲ್ಲಿತ್ತು. ಒಮ್ಮೆ ಅದುಮಿದರೆ ಸಾಕು, ತಂತಿ ಇದ್ದೇ ಇರಲಿಲ್ಲ ಎಂಬಂತೆ ಎಲ್ಲ ಮುಗಿಯುತ್ತಿತ್ತು. ಅವನು ಇಕ್ಕಳ ಕೆಳಗಿಟ್ಟು ಅಕ್ಕನ ಮನೆಗೆ ನಡೆದ.

ಅಕ್ಕ ಒಲೆಯ ಕಲೆ ಉಜ್ಜುತ್ತಿದ್ದಳು. "ಬಾ, ಕೂತ್ಕೋ. ಕೆಲಸ ಬಿಟ್ಟು ಬಂದ್ಯಲ್ಲೋ?"

"ಅಕ್ಕ, ಶೆಡ್ಡಿನವರೆಗೂ ಬರ್ತೀಯಾ? ಒಂದು ತೋರಿಸ್ಬೇಕು."

ಶೆಡ್ಡಿನಲ್ಲಿ ಅವನು ಸೀಟು ಎತ್ತಿ ತೋರಿಸಿ, ಯಾವುದು ಏನೆಂದು ಹೇಳಿದ ಮೇಲೆ ಅಕ್ಕ ಕೇಳಿದಳು.

"ಇದಿಲ್ದೆ ಇದ್ದಿದ್ರೆ ನಿಲ್ತಿತ್ತಾ?"

"ನಿಲ್ತಿತ್ತು."

"ಕಟ್ಟಿದ್ದು ಯಾರು?"

"ನಾನೇ."

"ಅವರಿಗೆ ಗೊತ್ತಿತ್ತಾ?"

"ಇಲ್ಲ ಅಕ್ಕ."

ಅಕ್ಕ ಬಣ್ಣದ ಡಬ್ಬದ ಮೇಲೆ ಕೂತಳು. ಅಳಲಿಲ್ಲ. "ಜನ ಕುಡುಕ ಅಂತ ಆಡ್ಕೊಂಡಾಗ ನನ್ನ ಪಕ್ಕದಲ್ಲೇ ನಿಂತಿದ್ಯಲ್ಲೋ. ಇಷ್ಟು ದಿನ ನಾಲಿಗೆ ಬಿದ್ದುಹೋಗಿತ್ತಾ?"

ಅವನು ಸೀಟು ಕೆಳಗಿಳಿಸಲು ಕೈ ಚಾಚಿದ.

"ಇದನ್ನ ಮುಟ್ಬೇಡ" ಎಂದು ಅವಳು ಎದ್ದಳು. "ಯಾರಿಗೆ ಹೇಳ್ಬೇಕೋ ಅವರಿಗೆ ಹೋಗಿ ಹೇಳು. ಇವತ್ತೇ."

ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಫೋಟೋ ತೆಗೆದು, ಮ್ಯಾನೇಜರನ್ನೂ ಇವನನ್ನೂ ಎದುರುಬದುರು ಕೂರಿಸಿದರು. ಮ್ಯಾನೇಜರ್ ಮೇಜು ಗುದ್ದಿ ಹೇಳಿದ: "ಓಡೋ ಹಾಗೆ ಮಾಡು ಅಂದೆ. ಕೊಲ್ಲೋ ಹಾಗೆ ಮಾಡು ಅಂದೆನಾ?"

ಇವನು ತನ್ನ ಹೇಳಿಕೆಗೆ ಸಹಿ ಹಾಕಿ ಎದ್ದ. ವಾರದೊಳಗೆ ಇಬ್ಬರ ಕೆಲಸವೂ ಹೋಯಿತು. ಇಬ್ಬರ ಮೇಲೂ ಕೇಸು ಬಿತ್ತು. ಹಳೆಯ ವರದಿ ರದ್ದಾಗಿ, ಚಾಲಕನ ತಪ್ಪೇನೂ ಇಲ್ಲವೆಂದು ಹೊಸದು ಬಂತು. ಅಕ್ಕ ಅದನ್ನು ಹಿಡಿದು, ಕುಡುಕ ಎಂದಿದ್ದವರ ಮನೆಮನೆಗೂ ಹೋಗಿ ಓದಿ ಹೇಳಿದಳಂತೆ. ಕೂರಿ ಎಂದರೂ ಎಲ್ಲೂ ಕೂರಲಿಲ್ಲವಂತೆ.

ಆ ಸುದ್ದಿ ಕೇಳಿ ಮೆಕ್ಯಾನಿಕ್ ಧೈರ್ಯ ಮಾಡಿ ಒಂದು ಮಧ್ಯಾಹ್ನ ಅವಳ ಮನೆಗೆ ಹೋದ. ಅಕ್ಕ ಬಾಗಿಲು ತೆರೆದಳು, ದಾರಿ ಬಿಡಲಿಲ್ಲ.

"ಅವರ ಮೇಲಿನ ಮಸಿ ನೀನು ತೊಳೆದೆ. ಇಲ್ಲ ಅನ್ನಲ್ಲ" ಎಂದಳು. "ಆದ್ರೆ ನಿನ್ನ ಕೈ ಕಂಡ್ರೆ ನನಗೆ ತುತ್ತು ಇಳಿಯಲ್ಲ ಕಣೋ. ಇನ್ಮೇಲೆ ಬರ್ಬೇಡ."

"ಆಯ್ತಕ್ಕ."

ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಧಡಾರನೆ ಹಾಕಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.