ಏಳನೇ ಕುರ್ಚಿ

“ತಗಿ ಅದನ್ನ, ರಂಡಿ! ಯಾರನ್ನ ಕೇಳಿ ಅಕಿ ಕುರ್ಚಿ ಮ್ಯಾಲ ಕುಂತಿ?”

ಡಾಕ್ಟರ್ ನನ್ನ ಮಾಸ್ಕ್ ಕಿತ್ತ ರಭಸಕ್ಕೆ ಮೂಗುತಿ ಸಿಕ್ಕಿ ರಕ್ತ ಬಂತು. ಪಕ್ಕದ ಎಂಟನೇ ಕುರ್ಚಿಯಲ್ಲಿ ನೂರಬಿ ಕೂತಿದ್ದಳು. ಏಳನೇ ಕುರ್ಚಿ ಅವಳದು, ಎಂಟು ನನ್ನದು. ನಾವು ಅದಲುಬದಲಾಗಿದ್ದೆವು.

ತಪ್ಪು ನಮ್ಮದೇ ಅನ್ನಿ! ಬೈಲಹೊಂಗಲದ ಈ ಜಿನ್ನಿಂಗ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ನಾವಿಬ್ಬರೂ ಒಂದೇ ಯಂತ್ರಕ್ಕೆ ಹತ್ತಿ ಹಾಕುವವರು. ಧೂಳು ಉಗುಳುವ ಕಡೆ ಅರ್ಧ ದಿನ ಅವಳು, ಅರ್ಧ ದಿನ ನಾನು. ಒಬ್ಬಳೇ ಧೂಳು ತಿಂದು ಸಾಯಬಾರದಲ್ಲ. ಎಲ್ಲ ಜೋಡಿಗಳದೂ ಇದೇ ಪದ್ಧತಿ. ಆದರೂ ಎಲ್ಲರ ಎದೆಯೂ ಸಿಳ್ಳೆ ಹೊಡೆಯತೊಡಗಿತು.

ಆಗ ಮಾಲಕ ಈ ಡಾಕ್ಟರನನ್ನು ಕರೆಸಿ ಗೋದಾಮಿನಲ್ಲಿ ಇಪ್ಪತ್ತು ಕುರ್ಚಿ ಹಾಕಿಸಿದ. ಹೊಸ ಔಷಧವಂತೆ. ಹೊಗೆಯಾಗಿ ಎದೆಗಿಳಿದು ಮೈಯ ಜೀನಿನೊಳಗಿನ ಬರಹವನ್ನೇ ತಿದ್ದುತ್ತದಂತೆ. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಹೇಳುವುದಿಲ್ಲ. ಹೇಳದಿದ್ದರೇನು? ತಿಂಗಳಲ್ಲಿ ನೂರಬಿ ನಿಲ್ಲದೆ ಹತ್ತಿಯ ರಾಶಿ ಏರಿದಳು, ನಾನು ಎರಡು ಹೆಜ್ಜೆಗೇ ಕುಸಿದೆ.

“ಬಾರವಾ ಶೆಟ್ಟೆವ್ವಕ್ಕ, ಅರ್ಧಾ ನೀ ತಗೋ” ಎಂದಳು ಅಂದೇ.

ಈಗ ಡಾಕ್ಟರ್ ಕಿತ್ತ ಮಾಸ್ಕನ್ನು ನೆಲಕ್ಕೆ ಎಸೆದ. “ನನ್ನ ಕೆಲಸಾ ಎಲ್ಲಾ ಹಾಳ ಮಾಡಿದ್ರಿ. ಇಬ್ರೂ ಹೊರಗ ನಡೀರಿ!”

“ಸಾಹೇಬ್ರ, ಇದನ್ನ ಬಿಟ್ರ ಉಸಿರ ಕಟ್ಟತೈತ್ರಿ.” ನೂರಬಿ ಕಾಲಿಗೆ ಬಿದ್ದಳು.

ಅವನು ಬೂಟಿನಿಂದ ಅವಳ ಕೈ ಸರಿಸಿದ. “ನಿನ್ನ ಬದುಕಸಾಕ ಬಂದಿಲ್ಲ ನಾ. ಔಷಧ ನೋಡಾಕ ಬಂದೇನಿ. ತಾನಾಗೇ ಬಿಟ್ಟೇನಿ ಅಂತ ಹೆಬ್ಬಟ್ಟ ಒತ್ತು.”

ಒತ್ತಿದಳು. ಹದಿನೈದನೇ ದಿನಕ್ಕೆ ಅವಳ ತುಟಿ ನೀಲಿಗಟ್ಟಿತು. ಅವಳನ್ನು ತಬ್ಬಿಕೊಂಡೇ ಗೋದಾಮಿಗೆ ಎಳೆದು ತಂದೆ. ಏಳನೇ ಕುರ್ಚಿಯಲ್ಲಿ ಈಗ ನಮ್ಮ ಮಿಲ್ಲಿನವಳೇ ಆದ ರಾಚವ್ವನಿದ್ದಳು. ಏನೂ ಕೇಳದೆ ಎದ್ದು, ತನ್ನ ಮಾಸ್ಕನ್ನು ನೂರಬಿಯ ಮೂಗಿಗಿಟ್ಟಳು.

ಡಾಕ್ಟರ್ ನಕ್ಕ. “ಕುಡಿ, ಕುಡಿ. ಎಲ್ಲಾ ಕುರ್ಚಿ ಔಷಧ ಅದಲಬದಲ ಮಾಡೇನಿ. ಈಗ ಅದರಾಗ ಉಪ್ಪನೀರ ಐತಿ.”

“ಔಷಧ ಯಾವದರಾಗ ಐತೋ, ಭಾಡ್ಯಾ?” ಎಂದೆ. ಅವನು ಕುರ್ಚಿಗಳ ಪಟ್ಟಿಯನ್ನು ಕಿಸೆಗೆ ತುರುಕಿಕೊಂಡ.

ಹೆಂಗಸರೆಲ್ಲ ಮಾಸ್ಕ್ ಕಳಚಿ ಎದ್ದರು. “ಏ, ಏಳಬ್ಯಾಡ್ರಿ! ಎಲ್ಲಾ ಕೆಡತೈತಿ!” ಎಂದು ಅವನು ಒದರಿದ.

“ಕೆಡ್ಲಿ” ಎಂದಳು ರಾಚವ್ವ.

ನೂರಬಿಯನ್ನು ಎತ್ತಿ ಒಂದನೇ ಕುರ್ಚಿಗೆ ಕೂರಿಸಿದೆವು. ನಾಲ್ಕು ಉಸಿರು. ಆಮೇಲೆ ಎರಡನೆಯದು. ಮೂರನೆಯದು. ಹನ್ನೆರಡನೇ ಕುರ್ಚಿಯಲ್ಲಿ ಅವಳ ಕೈ ತಣ್ಣಗಾಯಿತು. ಹದಿಮೂರನೆಯವಳು ಮಾಸ್ಕ್ ಹಿಡಿದು ನಿಂತೇ ಇದ್ದಳು. ನಾವು ನೂರಬಿಯನ್ನು ಆ ಕುರ್ಚಿಯತ್ತ ಎತ್ತಿದೆವು.