ಪರದೇಶದ ಕೊಮ್ಮೆ

ಬ್ಲಾಂಗಳಿಗೆ ಅಡುಗೆ ಮಾಡಿ ಹಾಕುವುದು ನನ್ನ ಕೆಲಸ. ಬ್ಲಾಂ ಅಂದರೆ ನಮ್ಮಲ್ಲಿ ಪರದೇಶದವರು, ಮೈಬಣ್ಣ ಯಾವುದಾದರೂ ಸರಿ. ನಮ್ಮೂರು ಜಕ್ಮೆಲ್‌ನ ಮೇಲಿನ ಗುಡ್ಡದಲ್ಲಿ ಅವರದೊಂದು ಅತಿಥಿಗೃಹವಿದೆ. ಭೂಕಂಪ ಆದಮೇಲೆ ಮೊದಲು ಗೋಡೆ ಕಟ್ಟುವವರು ಬಂದರು, ಆಮೇಲೆ ಅದೇ ಗೋಡೆಗೆ ಬಣ್ಣ ಬಳಿಯುವವರು ಬಂದರು, ಕೊನೆಗೆ ಗೋಡೆಯ ಗೊಡವೆಯೇ ಬೇಡವೆಂದು ಸಂಬಂಧ ಕಟ್ಟುವವರು ಬಂದರು. ನಮಗೂ ಅವರಿಗೂ ನಡುವೆ ಹಳೆಯ ಗಾಯಗಳಿವೆಯಂತೆ, ಅವನ್ನು ಮಾಯಿಸಬೇಕಂತೆ. ಮಾವಿನ ಮರದ ಕೆಳಗೆ ಕುರ್ಚಿಗಳನ್ನು ದುಂಡಗೆ ಹಾಕಿ, ನಮ್ಮವರೊಬ್ಬರು ಅವರವರೊಬ್ಬರು ಅಂತ ಕೂರಿಸಿ, ನೋವು ಹೇಳಿಕೊಳ್ಳಿ ಅನ್ನುತ್ತಿದ್ದರು. ನಮ್ಮವರು ಬಾಯಿ ತೆರೆಯುವಷ್ಟರಲ್ಲಿ ಅವರು ಅಳುತ್ತಿದ್ದರು. ನಮ್ಮೂರಿನ ನಲ್ಲಿಗಿಂತ ಅವರ ಕಣ್ಣೇ ವಾಸಿ, ಬೇಕೆಂದಾಗ ನೀರು ಬರುತ್ತಿತ್ತು.

ಆ ಗುಂಪಿನ ಮುಂದಾಳು ಲಿಂಡ್ಸೆ. ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ; ಕೆಟ್ಟವಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಮ್ಮ ಭಾಷೆ ಕಲಿತಿದ್ದಳು, ನಾನು ಮಾಡಿದ ಜೋಳದ ಗಂಜಿಯನ್ನು ಮುಖ ಸಿಂಡರಿಸದೆ ಉಣ್ಣುತ್ತಿದ್ದಳು.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಮಿಮೋಜ್ ನನ್ನ ಜೀವದ ಗೆಳತಿ. ಅವಳು ಬಸುರಿಯಾಗಿದ್ದಾಗ ಗಡಿ ದಾಟಿ ಕಬ್ಬು ಕಡಿಯಲು ಹೋದ ಗಂಡ ಮತ್ತೆ ಬರಲೇ ಇಲ್ಲ. ಹುಟ್ಟುವ ಮಗುವಿಗೆ ನಾನೇ ಜ್ಞಾನತಾಯಿ ಎಂದು ಮಾತಾಗಿತ್ತು. ನಮ್ಮಲ್ಲಿ ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ಜ್ಞಾನತಾಯಿಯಾದವಳು ಹೆತ್ತವಳಿಗೆ ಕೊಮ್ಮೆ ಆಗುತ್ತಾಳೆ. ಅದು ಒಡಹುಟ್ಟಿದವರ ಸಂಬಂಧಕ್ಕಿಂತ ಬಿಗಿ. ಕೊಮ್ಮೆಯ ಜೊತೆ ಜಗಳವಾಡುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ತಾಯಿ ಸತ್ತರೆ ಮಗುವಿನ ವಿಷಯದಲ್ಲಿ ಕಡೆಯ ಮಾತು ಅವಳದೇ. ರಕ್ತಸಂಬಂಧಿಗಳು ಬಾಯಿ ಮುಚ್ಚಿಕೊಂಡಿರಬೇಕು.

ಮಗು ಹುಟ್ಟಿದ ಮೇಲೆ ಮಿಮೋಜ್ ಒಂದು ದಿನ ಅಡುಗೆಮನೆಗೆ ಬಂದಳು.

"ಈವ್‌ರೋಜಕ್ಕ, ಬೇಜಾರ್ ಮಾಡ್ಕೋಬೇಡ. ಲಿಂಡ್ಸೇನ ಕೇಳ್ದೆ. ಹೂಂ ಅಂದ್ಲು."

"ಏನ್ ಕೇಳ್ದೆ? ಸೋಪಾ?"

"ಮಗೂಗೆ ಜ್ಞಾನತಾಯಿ ಆಗು ಅಂತ."

ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅದೊಂದು ಅನುಕೂಲವಾಯಿತು. "ಯಾಕೆ, ನಾನೇನ್ ಸತ್ತೋಗಿದ್ನಾ?"

"ನಾಳೆ ನಂಗೇನಾದ್ರೂ ಆದ್ರೆ ಓದಿಲ್ಯಾ ಬಂದು ನಿಂತ್ಕೋತಾಳೆ ಕಣಕ್ಕ. ನೀನೊಂದಂದ್ರೆ ಅವಳು ನೂರಂತಾಳೆ. ಬ್ಲಾಂ ಎದುರಿಗಾದ್ರೆ ಉಸಿರೆತ್ತಲ್ಲ."

ಓದಿಲ್ಯಾ ಅವಳ ನಾದಿನಿ, ರಾಜಧಾನಿ ಪೋರ್ಟೊಪ್ರೆನ್ಸ್‌ನಲ್ಲಿರುವವಳು. ಮಿಮೋಜ್‌ಳ ಹೆದರಿಕೆ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅವಳನ್ನು ಓದಿಸುತ್ತೇವೆಂದು ರಾಜಧಾನಿಗೆ ಕರೆದುಕೊಂಡು ಹೋಗಿ ರೆಸ್ತಾವೆಕ್ ಮಾಡಿದ್ದರು. ಕೂಳಿಗೆ ದುಡಿಯುವ ಮಕ್ಕಳಿಗೆ ನಾವು ಹಾಗನ್ನುತ್ತೇವೆ. ಎಲ್ಲರಿಗಿಂತ ಮೊದಲು ಎದ್ದು ನೀರು ಹೊರಬೇಕು, ಎಲ್ಲರೂ ಉಂಡಮೇಲೆ ತಳದ ಸೀಕಲು ತಿನ್ನಬೇಕು, ಮೇಜಿನ ಕೆಳಗೆ ಮಲಗಬೇಕು. ಕೊಡ ಹೊತ್ತೂ ಹೊತ್ತೂ ಅವಳ ನೆತ್ತಿಯ ನಡುವೆ ಕೂದಲೇ ಇರಲಿಲ್ಲ. ಓದಿಲ್ಯಾಳ ಮನೆಯಲ್ಲೂ ಅಂಥ ಹುಡುಗಿಯೊಬ್ಬಳಿದ್ದು ಓಡಿಹೋಗಿದ್ದಳು. ತನ್ನ ಮಗಳು ಇನ್ನೊಬ್ಬರ ಮನೆಯಲ್ಲಿ ಹೊರೆ ಹೊರಬಾರದು, ಮಿಮೋಜ್‌ಗೆ ಬದುಕಿನಲ್ಲಿ ಬೇಕಿದ್ದದ್ದು ಅದೊಂದೇ.

ಆದರೂ ನನಗೆ ಉರಿಯಿತು. ದೀಕ್ಷಾಸ್ನಾನದ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಲಿಂಡ್ಸೆ ಮಗು ದ್ಯೂಲಿನ್‌ಳನ್ನು ಎತ್ತಿಕೊಂಡು, ಮೇಣದಬತ್ತಿ ಹಿಡಿದು, ಪಾದ್ರಿ ಕೇಳಿದ್ದಕ್ಕೆಲ್ಲ ಹೂಂ ಎಂದಳು, ಅತ್ತಳು. ಸಂಜೆ ಮಾವಿನ ಮರದ ಕೆಳಗೆ, "ಇವತ್ತಿಂದ ನನಗೊಬ್ಬ ತಂಗಿ ಸಿಕ್ಕಳು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ವರ್ಷವರ್ಷವೂ ಬಂದಳು. ಅವಳು ಬರುವಾಗ ಮಿಮೋಜ್ ಇದ್ದೊಂದು ಕೋಳಿ ಕೊಯ್ಯುತ್ತಿದ್ದಳು, ಒಳ್ಳೆಯ ಕಾಫಿ ಬೀಜ ತೆಗೆದಿಟ್ಟಿರುತ್ತಿದ್ದಳು. ಕೊಮ್ಮೆ ಎಂದು ಕರೆಯುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು.

ದ್ಯೂಲಿನ್‌ಗೆ ಹಾಲುಹಲ್ಲು ಬೀಳುವ ಹೊತ್ತಿಗೆ ಮಿಮೋಜ್‌ಳ ಎದೆಯಲ್ಲಿ ಗಂಟು ಕಾಣಿಸಿತು. ಆಸ್ಪತ್ರೆಯವರು ತಡವಾಯಿತು ಎಂದರು. ಆ ಸಲ ಲಿಂಡ್ಸೆ ಬಂದಾಗ ಮಿಮೋಜ್ ನನ್ನನ್ನೂ ಹತ್ತಿರ ಕರೆದು ಅವಳ ಕೈ ಹಿಡಿದುಕೊಂಡಳು.

"ಕೊಮ್ಮೆ, ನಿನ್ನ ದೇಶಕ್ಕೆ ಕರ್ಕೊಂಡ್ ಹೋಗು ಅಂತಿಲ್ಲ. ದುಡ್ಡೂ ಬೇಡ. ಮಗು ಈವ್‌ರೋಜಕ್ಕನ ಹತ್ರ ಬೆಳೀಲಿ. ಓದಿಲ್ಯಾ ಬಂದು ಕೇಳಿದ್ರೆ, ಕೊಡಲ್ಲ ಅಂತ ನೀನೊಂದ್ ಮಾತು ಹೇಳು. ಅಷ್ಟೇ."

"ಖಂಡಿತ ಕೊಮ್ಮೆ. ನಾನಿದ್ದೀನಿ," ಅಂದಳು ಲಿಂಡ್ಸೆ.

ಮಿಮೋಜ್ ನೆಮ್ಮದಿಯಿಂದ ಸತ್ತಳು.

ಸಾವಿನ ಪ್ರಾರ್ಥನೆಗಳು ಮುಗಿಯುತ್ತಿದ್ದಂತೆ ಓದಿಲ್ಯಾ ಬಂದಳು. ನಮ್ಮಣ್ಣನ ರಕ್ತ, ಮಗು ನನ್ನದು ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅದಕ್ಕೊಬ್ಬಳು ಜ್ಞಾನತಾಯಿ ಇದಾಳೆ. ಅವಳು ಬರೋವರೆಗೂ ಮಗೂನ ಮುಟ್ಬೇಡ."

ಓದಿಲ್ಯಾ ಗಟ್ಟಿ ಪಿಂಡ, ಆದರೆ ಅವಳೂ ನಮ್ಮವಳೇ. "ಆಯ್ತು, ಬರ್ಲಿ. ಅವಳು ಬೇಡ ಅಂದ್ರೆ ಮಾತಾಡ್ದೆ ವಾಪಸ್ ಹೋಗ್ತೀನಿ," ಎಂದು ಹೊರಟುಹೋದಳು. ಅಲ್ಲಿಂದ ಲಿಂಡ್ಸೆ ಬರುವ ತನಕ ದ್ಯೂಲಿನ್ ನನ್ನ ಮಗ್ಗುಲಲ್ಲೇ ಮಲಗಿದಳು. ನನ್ನ ಹೊಟ್ಟೆಯುರಿಯೂ ತಣ್ಣಗಾಯಿತು. ಮಿಮೋಜ್ ನನಗಿಂತ ಜಾಣೆ, ಬ್ಲಾಂಳನ್ನು ಸುಮ್ಮನೆ ಆರಿಸಿರಲಿಲ್ಲ ಅಂದುಕೊಂಡೆ.

ಲಿಂಡ್ಸೆ ಬಂದಳು. ಕುರ್ಚಿಗಳನ್ನು ಮತ್ತೆ ದುಂಡಗೆ ಹಾಕಿದರು. ಓದಿಲ್ಯಾ ಇಸ್ತ್ರಿ ಮಾಡಿದ ಲಂಗ ಉಟ್ಟು ಬಂದು, ಎಲ್ಲರೆದುರು ತಲೆ ಬಗ್ಗಿಸಿ ಕೇಳಿದಳು.

"ಜ್ಞಾನತಾಯಿಯವ್ರೇ, ಮಗೂನ ನಮ್ಮನೆಗೆ ಕರ್ಕೊಂಡ್ ಹೋಗ್ಲಾ? ಸ್ಕೂಲಿಗೆ ಕಳಿಸ್ತೀನಿ."

ಲಿಂಡ್ಸೆ ನನ್ನನ್ನು ಪಕ್ಕಕ್ಕೆ ಕರೆದಳು. "ಈವ್‌ರೋಜ್, ನಾನು ಹೊರಗಿನವಳು. ನಮ್ಮ ಜನ ಇಲ್ಲಿಗೆ ಬಂದು ನಿಮ್ಮ ಮನೆ ವಿಷಯ ತೀರ್ಮಾನ ಮಾಡಿದ್ದೇ ಇಷ್ಟೆಲ್ಲ ಗಾಯಕ್ಕೆ ಕಾರಣ. ಸ್ವಂತ ಅತ್ತೆ ಇರುವಾಗ ನಾನು ಬೇಡ ಅಂದರೆ ನಿಮ್ಮ ಸಂಸ್ಕೃತಿಗೆ ಅವಮಾನ."

"ನಮ್ಮ ಸಂಸ್ಕೃತೀನೇ ಕಣೇ ನಿಂಗೆ ಆ ಹಕ್ಕು ಕೊಟ್ಟಿರೋದು! ಮೇಣದಬತ್ತಿ ಹಿಡಿದಾಗ ಹೊರಗಿನವಳಾಗಿರ್ಲಿಲ್ವಾ? ಸಾಯೋವಳ ಕೈ ಹಿಡ್ಕೊಂಡು ಏನಂದೆ?"

"ಅವಳಿಗೆ ಸಮಾಧಾನ ಆಗಲಿ ಅಂತ..."

"ಅವಳ ಮನೇಲಿ ಇವಳು ಚಾಕರಿ ಮಾಡ್ಕೊಂಡ್ ಸಾಯ್ಬೇಕಾಗುತ್ತೆ. ಬೇಡ ಅನ್ನು. ಒಂದೇ ಮಾತು, ಕೊಮ್ಮೆ."

ಅವಳನ್ನು ನಾನು ಕೊಮ್ಮೆ ಎಂದು ಕರೆದದ್ದು ಅದೇ ಮೊದಲು. ನನ್ನ ಬಾಯಿ ಕಹಿಯಾಯಿತು, ಆದರೂ ಕರೆದೆ.

ಲಿಂಡ್ಸೆ ನನ್ನ ಭುಜ ಸವರಿದಳು. "ನಂಬಬೇಕು, ಈವ್‌ರೋಜ್. ನಂಬಿಕೆಯಿಂದಲೇ ಎಲ್ಲ ಮಾಯೋದು." ಆಮೇಲೆ ಓದಿಲ್ಯಾಳ ಎದುರು ಹೋಗಿ ಅವಳ ಎರಡೂ ಕೈ ಹಿಡಿದು, ನಿಮ್ಮ ಮನೆತನದ ತೀರ್ಮಾನವನ್ನು ನಾನು ಗೌರವಿಸುತ್ತೇನೆ ಎಂದಳು.

ಬ್ಲಾಂಗಳೆಲ್ಲ ಕಣ್ಣೊರೆಸಿಕೊಂಡರು. ಓದಿಲ್ಯಾ ತಿರುಗಿ ನನ್ನ ಮುಖ ನೋಡಿದಳು. ಬೇಡ ಅನ್ನಿಸಿಕೊಂಡು ಹೋಗಲು ತಯಾರಾಗಿ ಬಂದವಳು ಅವಳು, ಗೆದ್ದದ್ದು ಅವಳಿಗೇ ನಂಬಿಕೆಯಾಗಲಿಲ್ಲ.

"ನಾನು ಕೊಡಲ್ಲ!" ಎಂದು ಕಿರುಚಿ ದ್ಯೂಲಿನ್‌ಳನ್ನು ಅವಚಿಕೊಂಡೆ. ನನ್ನನ್ನು ಬಿಡಿಸಿದವರು ಬ್ಲಾಂಗಳಲ್ಲ, ನಮ್ಮ ಊರಿನ ಹಿರಿಯರೇ. "ಕೊಮ್ಮೆ ಹೂಂ ಅಂದಾಯ್ತು. ನೀನ್ಯಾರೇ ಮಧ್ಯೆ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನ್ನನ್ನು ಸುಡುತ್ತದೆ.

ದ್ಯೂಲಿನ್ ಅಳಲಿಲ್ಲ. ಜ್ಞಾನತಾಯಿ ಹೇಳಿದ ಮೇಲೆ ಒಳ್ಳೆಯದೇ ಇರಬೇಕು ಎಂದುಕೊಂಡಿತೇನೋ ಮಗು. ಲಿಂಡ್ಸೆಯ ಕೆನ್ನೆಗೆ ಮುತ್ತು ಕೊಟ್ಟು ಅತ್ತೆಯ ಹಿಂದೆ ನಡೆಯಿತು. ಗೇಟಿನ ಹತ್ತಿರ ಓದಿಲ್ಯಾ ನಿಂತು, ತನ್ನ ಕೈಯಲ್ಲಿದ್ದ ಚೀಲವನ್ನೆತ್ತಿ ಮಗುವಿನ ತಲೆಯ ಮೇಲಿಟ್ಟಳು. ದ್ಯೂಲಿನ್‌ಳ ಕುತ್ತಿಗೆ ಒಂದು ಸಲ ಕುಸಿಯಿತು. ಆಮೇಲೆ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಇಳಿಜಾರಿನಲ್ಲಿ ಜೋಪಾನವಾಗಿ ಹೆಜ್ಜೆ ಇಟ್ಟಳು.

ಲಿಂಡ್ಸೆ ನನ್ನ ಪಕ್ಕ ಬಂದು ನಿಂತು, ಒದ್ದೆ ಕಣ್ಣಲ್ಲೇ ನಕ್ಕಳು.

"ನೋಡು ಈವ್‌ರೋಜ್, ಎಷ್ಟು ಚೆನ್ನಾಗಿ ಹೊರ್ತಾಳೆ! ಥೇಟ್ ಅವಳಮ್ಮನೇ."