ನಬಿಸಾಬನ ಗಾಡಿಯ ಕಮಾನ ಪಾಟಾ

ಲಕ್ಷ್ಮೇಶ್ವರದ ನಬಿಸಾಬನ ಹಳೇ ಪಿಕಪ್ ಬಾರದೆ ಸುತ್ತಲಿನ ಊರುಗಳಲ್ಲಿ ಮದುವೆಯಾಗುವುದೇ ಕಡಿಮೆ. ಶಾಮಿಯಾನ, ಕುರ್ಚಿ, ಅಡುಗೆಯ ದೊಡ್ಡ ಡೇಗುಗಳು ಗಾಡಿಯೊಳಗೆ. ಎರಡು ಗಾಲಿಯ ಜನರೇಟರ್ ಗಾಡಿಯ ಹಿಂದೆ. ಪಕ್ಕದ ಸೀಟಿನಲ್ಲಿ ಹೆಂಡತಿ ಜೈಬುನ್ನೀಸಾ. ಬಿರಿಯಾನಿಗೆ ಅವಳ ಕೈಯೇ ಬೇಕು ಎನ್ನುವವರು ಮುಂಡರಗಿಯವರೆಗೂ ಇದ್ದಾರೆ.

ಇತ್ತೀಚೆಗೆ ಗಾಡಿಗೆ ಒಂದು ರೋಗ ಹತ್ತಿತ್ತು. ಜನರೇಟರ್ ಕಟ್ಟಿದ ಕೂಡಲೇ ಹಿಂಬದಿ ಕುಸಿದು, ಮುಂಬದಿ ಮುಗಿಲು ನೋಡುತ್ತಿತ್ತು. ಅಡರಕಟ್ಟಿಯಿಂದ ಬರುವಾಗ ಒಂದು ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದೆ ನೆಟ್ಟಗೆ ಹೋಗಿ ರಸ್ತೆಯ ಅಂಚಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಜೈಬುನ್ನೀಸಾಳ ಜೀವ ಬಾಯಿಗೆ ಬಂದಿತ್ತು.

“ಇದನ್ನ ಸರಿ ಮಾಡಿಸೋತನಕಾ ನಾ ಈ ಗಾಡಿ ಹತ್ತಂಗಿಲ್ರೀ. ಶಿರಹಟ್ಟಿ ಮದವಿಗೆ ಬಿರಿಯಾನಿ ನೀವ ಮಾಡ್ರಿ” ಎಂದಳು.

ನಬಿಸಾಬನಿಗೆ ಅನ್ನ ಬಸಿಯಲೂ ಬಾರದು. ಆದರೆ ಉಪಾಯ ಅವನ ಬಳಿ ಸಿದ್ಧವಿತ್ತು. ಗಾಲಿಯ ಮೇಲೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವೇ ಕಮಾನ ಪಾಟಾ. ಗುಜರಿಯಲ್ಲಿ ಲಾರಿಯ ಹಳೇ ಪಾಟಾಗಳನ್ನು ನೋಡಿಟ್ಟಿದ್ದ. ಅವನ್ನು ತುರುಕಿಸಿದರೆ ಆನೆಯನ್ನೂ ಎಳೆಯಬಹುದು ಎಂದು ಅವನ ಲೆಕ್ಕಾಚಾರ.

ಲಾರಿ ಪಾಟಾ ತರುತ್ತೇನೆಂದು ಗುಜರಿಗೆ ಹೊರಟವನನ್ನು ಪಕ್ಕದ ಮನೆಯ ಅಂದಾನಪ್ಪ ತಡೆದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದರೂ, ಗಾಡಿಯ ಸದ್ದು ಕೇಳಿದರೆ ಸುಮ್ಮನೆ ಕೂರುವ ಮನುಷ್ಯನಲ್ಲ.

“ಲೇ ನಬಿ, ಪಾಟಾ ಆಮ್ಯಾಲ. ಮದವಿಗೆ ಹ್ಯಾಂಗ ಹೇರ್ತಿ, ಹಂಗ ಒಮ್ಮಿ ಹೇರಿ ತೋರ್ಸು.”

ನಬಿಸಾಬ ಗೊಣಗುತ್ತಲೇ ಹೇರಿದ. ಮೊದಲು ಶಾಮಿಯಾನ, ನಡುವೆ ಕುರ್ಚಿ, ಕೊನೆಗೆ ಹಿಂಬಾಗಿಲ ಹತ್ತಿರ ಡೇಗು. ಗಾಡಿಯ ಹಿಂದೆ ಜನರೇಟರನ್ನೂ ಕಟ್ಟಿದ.

“ಡೇಗು ಯಾಕ ಕಡೀಕ?”

“ಹೋದ ಕೂಡ್ಲೆ ಒಲಿ ಹಚ್ಚಬೇಕಲ್ಲ ಕಾಕಾ. ಡೇಗು ಮೊದಲ ಇಳೀಬೇಕು. ನಮ್ಮಪ್ಪನ ಕಾಲದಿಂದ ಹಿಂಗ.”

“ನಿಮ್ಮಪ್ಪ ಎತ್ತಿನ ಗಾಡ್ಯಾಗ ಒಯ್ತಿದ್ದ. ಅವನ ಹಿಂದ ಜನರೇಟರ್ ಇತ್ತೇನು? ಅದನ್ನ ಕಟ್ಟೂ ಕೊಂಡಿ ಹಿಂಬದೀನ ಕೆಳಗ ಒತ್ತತೈತಿ, ಅದರ ಬಾಜೂಕ ಮತ್ತ ಡೇಗು ಕುಂಡ್ರತಾವ. ಮುಂದಿನ ಗಾಲಿ ನೆಲಾ ಗಟ್ಟಿ ಹಿಡೀಲಿಲ್ಲಂದ್ರ ಸ್ಟೇರಿಂಗ್ ಮಾತು ಹ್ಯಾಂಗ ಕೇಳೀತು?”

ಇಬ್ಬರೂ ಸೇರಿ ಡೇಗುಗಳನ್ನು ಕ್ಯಾಬಿನ್ನಿನ ಬೆನ್ನಿಗೆ ಸರಿಸಿದರು. ಗಾಡಿಯ ಹಿಂಬದಿ ಕಣ್ಣೆದುರೇ ಮೇಲೆದ್ದಿತು. ನಬಿಸಾಬನಿಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಆದರೂ ಎಡಬದಿ ಇನ್ನೂ ಕುಸಿದೇ ಇತ್ತು. ಅಂದಾನಪ್ಪ ಬಗ್ಗಿ ಕೆಸರು ಕೆರೆದ. ಪಾಟಾ ಒಂದು ಸೀಳಿ, ಸೀಳಿನಲ್ಲಿ ತುಕ್ಕು ಹಿಡಿದಿತ್ತು.

“ನೋಡ್ರಿ, ಅದಕ್ಕ ನಾ ಲಾರಿ ಪಾಟಾ ಅಂದೆ!”

“ಲಾರಿ ಪಾಟಾ ಹಾಕಿದ್ರ ಬ್ರೇಕ್ ಲಾರೀದ ಆಕ್ಕೈತೇನು? ಟೈರ್, ಕೊಂಡಿ ಲಾರೀದ ಆಕ್ಕಾವೇನು? ಖಾಲಿ ಬರುವಾಗ ಗಾಡಿ ಕುಣಿತೈತಿ, ಅಷ್ಟ. ನಿನ್ನ ಗಾಡಿಗಂತನ ಮಾಡಿದ ಗಟ್ಟಿ ಸೆಟ್ ಬರ್ತೈತಿ, ಅದನ್ನ ಹಾಕ್ಸು. ಎರಡೂ ಕಡೆ ಕೂಡೇ ಬದಲಿಸು. ಒಂದ ಕಾಲಿಗೆ ಹೊಸಾ ಚಪ್ಪಲಿ ಮೆಟ್ಟಿ ಯಾರರ ನಡೀತಾರೇನು? ಪಾಟಾ ಬಿಗಿಯೋ ಕ್ಲಾಂಪೂ ಬೋಲ್ಟೂ ಹೊಸಾವ ಇರ್ಲಿ. ಅಲ್ಲೇ ಬ್ರೇಕೂ ಒಮ್ಮಿ ತೋರ್ಸು.”

“ಆತಲ್ಲ, ಆಮ್ಯಾಲ ಎಷ್ಟರ ಹೇರಬಹುದು?”

“ಕಂಪನಿ ಹೇಳಿದ್ದಕ್ಕಿಂತ ಒಂದ ಕುರ್ಚಿನೂ ಹೆಚ್ಚಿಗಿ ಬ್ಯಾಡ. ಪಾಟಾ ಎಂಥಾದ್ದರ ಇರ್ಲಿ.”

ನಬಿಸಾಬ ಗದಗಿಗೆ ಹೋಗಿ ಹೊಸ ಸೆಟ್ ಹಾಕಿಸಿದ. ನಾಲ್ಕು ಕಡೆ ಓಡಾಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿದ. ಮದುವೆಯ ಬೆಳಿಗ್ಗೆ ಜೈಬುನ್ನೀಸಾ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂಬದಿ ನೋಡಿ, ಮುಂಬದಿ ನೋಡಿ, ಹತ್ತಿ ಕುಳಿತಳು. ಹಾದಿಯ ತಿರುವುಗಳಲ್ಲೆಲ್ಲ ಗಾಡಿ ಹೇಳಿದಂತೆ ಕೇಳಿತು.

ಶಿರಹಟ್ಟಿಯಲ್ಲಿ ಡೇಗು ಹೊರಬರಲು ಮೊದಲು ಶಾಮಿಯಾನವೆಲ್ಲ ಇಳಿಯಬೇಕಾಯಿತು. ಒಲೆ ಹಚ್ಚುವುದು ತಡವಾಯಿತು. ಮದುವೆ ಮನೆಯ ರೋಶನಬಿ ಬಂದು ಸಿಡುಕಿದಳು. ನಬಿಸಾಬ ತಲೆ ಕೆರೆದುಕೊಂಡ.

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಜೈಬುನ್ನೀಸಾ ತಲೆ ಎತ್ತದೆ ಅಂದಳು: “ಒಲಿ ತಡಾ ಆದ್ರ ಊಟ ತಡಾ ಆಕ್ಕೈತಿ, ಅಷ್ಟ ಬೇ. ನಾವ ಬಂದು ಮುಟ್ಟದಿದ್ರ ನಿಮಗ ಉಣ್ಣಾಕ ಯಾರ ಹಾಕ್ತಿದ್ರು?”

ರೋಶನಬಿ ನಕ್ಕು ತಾನೂ ಈಳಿಗೆ ಎಳೆದುಕೊಂಡು ಕುಳಿತಳು.

ನಿಮ್ಮ ಅಂಗಳದಲ್ಲೂ ಇಂಥ ಹಳೇ ಗಾಡಿ ಇದ್ದೀತು. ಅದರ ಹಿಂದೆ ಏನನ್ನಾದರೂ ಕಟ್ಟಿ ಎಳೆಯುವ ಮುನ್ನ ಪಾಟಾ ಸೀಳಿದೆಯೇ ನೋಡಿ. ಬದಲಿಸುವುದಾದರೆ ನಿಮ್ಮ ಗಾಡಿಗೆ ಒಪ್ಪುವಂಥದನ್ನೇ, ಎರಡೂ ಬದಿಗೆ ಹಾಕಿಸಿ. ಭಾರದ ಸಾಮಾನನ್ನು ಮುಂದೆ ಸರಿಸಿ, ಮಿತಿ ಮೀರಿ ಹೇರಬೇಡಿ. ಆಮೇಲೆ ಪಕ್ಕದ ಸೀಟಿನವರನ್ನು ಹತ್ತಲು ಕರೆಯಿರಿ. ಅವರು ಒಲ್ಲೆ ಎಂದರೆ ಜಗಳವಾಡದೆ, ಇನ್ನೊಮ್ಮೆ ಬಗ್ಗಿ ಗಾಲಿಯ ಕಡೆ ನೋಡಿ.